ಒಂದೇ ಪಿಕಪ್‌ನ ಹಳೆಯ ಬೇಸ್ ಗಿಟಾರ್‌ಗಳು

ನಾಲ್ಕು ತಂತಿ, ಒಂದು ಪಿಕಪ್, ಎರಡು ನಾಬ್. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾಗಿ ಹೆಸರು ಮಾಡಿದ ಅನೇಕ ಎಲೆಕ್ಟ್ರಿಕ್ ಬೇಸ್ ಗಿಟಾರ್‌ಗಳ ಒಟ್ಟು ಸರಂಜಾಮು ಇಷ್ಟೇ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವುದು ಪಿಕಪ್‌ನ ಕೆಲಸ. ಒಂದು ನಾಬ್ ಸದ್ದನ್ನು ಏರಿಸಿ ಇಳಿಸುತ್ತದೆ, ಇನ್ನೊಂದು ಅದರ ಹೊಳಪನ್ನು ತಗ್ಗಿಸುತ್ತದೆ. ಆಮೇಲೆ ಬಂದ ವಾದ್ಯಗಳಿಗೆ ಎರಡನೆಯ ಪಿಕಪ್, ಬ್ಯಾಟರಿಯಿಂದ ನಡೆಯುವ ಪ್ರಿಆಂಪ್, ಸಾಲು ಸ್ವಿಚ್‌ಗಳು ಒಂದೊಂದಾಗಿ ಸೇರಿಕೊಂಡವು. ಆದರೂ ಸ್ಟುಡಿಯೊಗಳಲ್ಲಾಗಲಿ ವೇದಿಕೆಯ ಮೇಲಾಗಲಿ ಈ ಹಳೆಯ ಮಾದರಿಗಳ ಬೇಡಿಕೆ ತಗ್ಗಿಲ್ಲ. ಚೆನ್ನಾಗಿ ಉಳಿದು ಬಂದಿರುವ ಹಳೆಯ ವಾದ್ಯ ಅದೇ ಮಾದರಿಯ ಹೊಸತಕ್ಕಿಂತ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಇದನ್ನು ಹಳತರ ಮೋಹವೆಂದು ತಳ್ಳಿಹಾಕುವವರಿದ್ದಾರೆ. ಮೋಹದ ಪಾಲು ಇಲ್ಲವೆಂದಲ್ಲ, ಆದರೆ ಮುಖ್ಯ ಕಾರಣ ಅದಲ್ಲ. ಪಿಕಪ್ಪನ್ನು ತಂತಿಯ ಯಾವ ಭಾಗದ ಕೆಳಗೆ ಕೂರಿಸಬೇಕೆಂಬ ತೀರ್ಮಾನ ಕಾರ್ಖಾನೆಯಲ್ಲೇ ಮುಗಿದುಹೋದ ವಾದ್ಯಗಳು ಇವು. ನುಡಿಸುವವರಿಗೆ ಉಳಿದದ್ದು ಬೆರಳಿನ ಕೆಲಸ ಮಾತ್ರ. ಆ ತೀರ್ಮಾನ ಸರಿಯಾಗಿದ್ದ ಮಾದರಿಗಳು ಇಂದಿಗೂ ಬದುಕಿವೆ, ತಪ್ಪಿದವು ಸಂಗ್ರಾಹಕರ ಕಪಾಟು ಸೇರಿವೆ.

ಹುಟ್ಟು

ಬೇಸ್ ಗಿಟಾರ್ ಬರುವುದಕ್ಕೆ ಮೊದಲು ನೃತ್ಯಮಂಡಳಿಗಳಲ್ಲಿ ಮಂದ್ರದ ಜವಾಬ್ದಾರಿ ಇದ್ದದ್ದು ಡಬಲ್ ಬೇಸ್‌ನ ಮೇಲೆ. ಆಳೆತ್ತರದ ಆ ವಾದ್ಯವನ್ನು ಕಾರಿನಲ್ಲಿ ಸಾಗಿಸುವುದೇ ಒಂದು ಸಾಹಸ. ಡ್ರಮ್ಸ್, ತುತ್ತೂರಿ, ಹೊಸದಾಗಿ ಬಂದ ಎಲೆಕ್ಟ್ರಿಕ್ ಗಿಟಾರ್ ಇವೆಲ್ಲದರ ನಡುವೆ ಅದರ ಸದ್ದು ಕೊನೆಯ ಸಾಲಿನವರೆಗೆ ತಲುಪುತ್ತಿರಲಿಲ್ಲ. ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ 1930ರ ದಶಕದ ನಡುವಿನಲ್ಲೇ ಇದಕ್ಕೊಂದು ಪರಿಹಾರ ಹುಡುಕಿದ್ದ. ಆಡಿಯೊವಾಕ್ಸ್ ಹೆಸರಿನಲ್ಲಿ ಆತ ಮಾರಿದ 736 ಸಂಖ್ಯೆಯ ಬೇಸ್ ಪಿಟೀಲಿಗೆ ಗಟ್ಟಿ ಮರದ ಒಡಲು, ಅಡ್ಡ ಹಿಡಿದು ನುಡಿಸುವ ಅನುಕೂಲ, ಫ್ರೆಟ್‌ಗಳು ಎಲ್ಲವೂ ಇದ್ದವು. ಪಿಕಪ್ ಒಂದೇ, ನಾಬ್ ಕೂಡ ಒಂದೇ. ಆದರೆ ಅದರ ಸದ್ದನ್ನು ತಾಳಬಲ್ಲ ಆಂಪ್ಲಿಫೈಯರ್ ಆಗ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಇಂದು ಉಳಿದಿರುವ ಆಡಿಯೊವಾಕ್ಸ್ ಬೇಸ್‌ಗಳು ಬೆರಳೆಣಿಕೆಯಷ್ಟು.

ಗೆಲುವು ಸಿಕ್ಕಿದ್ದು ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನ ಲಿಯೊ ಫೆಂಡರ್‌ಗೆ. ರೇಡಿಯೊ ರಿಪೇರಿ ಅಂಗಡಿಯಿಂದ ಮೇಲೆ ಬಂದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ನುಡಿಸುವವರ ದೂರುಗಳನ್ನು ಕಿವಿಗೊಟ್ಟು ಕೇಳುವುದು, ಮತ್ತು ಬೇಗ ತಯಾರಿಸಿ ಬೇಗ ರಿಪೇರಿ ಮಾಡಬಹುದಾದ ವಸ್ತುವನ್ನು ರೂಪಿಸುವುದು. 1951ರ ಕೊನೆಯ ತಿಂಗಳುಗಳಲ್ಲಿ ಆತನ ಕಾರ್ಖಾನೆಯಿಂದ ಪ್ರಿಸಿಷನ್ ಬೇಸ್ ಹೊರಬಂತು. ಆ್ಯಶ್ ಮರದ ಒಂದು ಹಲಗೆಯನ್ನು ಅಂಚು ಕೂಡ ಉರುಟು ಮಾಡದೆ ಕೊರೆದು ಒಡಲು ಮಾಡಿದ್ದರು. ಮೇಪಲ್ ಮರದ ದಂಡಿಯನ್ನು ನಾಲ್ಕು ತಿರುಪುಗಳಿಂದ ಅದಕ್ಕೆ ಬಿಗಿಯಲಾಗಿತ್ತು. ವೀಣೆಯ ಮೆಟ್ಟಿಲುಗಳ ಹಾಗೆ ದಂಡಿಗೆ ಅಡ್ಡಲಾಗಿ ಇಪ್ಪತ್ತು ಫ್ರೆಟ್‌ಗಳು. ಡಬಲ್ ಬೇಸ್‌ನಲ್ಲಿ ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಇಲ್ಲಿ ಫ್ರೆಟ್‌ಗಳೇ ಅದನ್ನು ನಿಗದಿ ಮಾಡುತ್ತಿದ್ದವು. ಹೆಸರು ಬಂದದ್ದು ಆ ನಿಖರತೆಯಿಂದಲೇ.

ತಮಾಷೆಯೆಂದರೆ ಅದೇ ವಾದ್ಯದ ಕುದುರೆ ಅಷ್ಟೇನೂ ನಿಖರವಾಗಿರಲಿಲ್ಲ. ನಾಲ್ಕು ತಂತಿಗಳಿಗೆ ಒತ್ತಿದ ನಾರುಹಲಗೆಯ ಎರಡೇ ಆಸರೆಗಳು. ಎರಡೆರಡು ತಂತಿಗಳು ಒಂದೊಂದನ್ನು ಹಂಚಿಕೊಳ್ಳುತ್ತಿದ್ದವು. ಒಂದು ತಂತಿಯ ಶ್ರುತಿ ಮೇಲಿನ ಫ್ರೆಟ್‌ಗಳಲ್ಲಿ ಸರಿಹೋದರೆ ಜೊತೆಯದು ತುಸು ತಪ್ಪುತ್ತಿತ್ತು. ಪ್ರತಿ ತಂತಿಗೂ ಬೇರೆ ಬೇರೆ ಆಸರೆ ಸಿಕ್ಕಿದ್ದು 1957ರಲ್ಲಿ.

ಕುದುರೆಯಿಂದ ದಂಡಿಯ ತುದಿಯ ಮೇರುವಿನವರೆಗೆ ತಂತಿಯ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್. ಫೆಂಡರ್ ಹಲವು ಅಳತೆಗಳನ್ನು ಪರೀಕ್ಷಿಸಿ ಇಲ್ಲಿಗೆ ಬಂದು ನಿಂತ. ಗಿಟಾರ್‌ನಿಂದ ಬಂದವರ ಕೈಗೆ ಎಟುಕಬೇಕು, ಆದರೆ 41 ಹರ್ಟ್ಸ್‌ನ ಅತಿ ಕೆಳಗಿನ ತಂತಿ ಜೋತು ಬೀಳದೆ ಬಿಗಿಯಾಗಿ ನುಡಿಯಬೇಕು ಎಂಬ ಎರಡು ಬೇಡಿಕೆಗಳ ನಡುವಿನ ರಾಜಿ ಅದು. ಎಪ್ಪತ್ತು ವರ್ಷಗಳ ಮೇಲಾದರೂ ಬೇಸ್ ತಯಾರಕರು ಮೊದಲು ಹಿಡಿಯುವ ಅಳತೆ ಇದೇ. 1952ರಲ್ಲಿ ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಕೂಡ ಅದೇ ಕಾರ್ಖಾನೆಯಿಂದ ಬಂತು. ಟಟ್‌ಮಾರ್ಕ್‌ಗೆ ಒದಗದಿದ್ದ ಜೊತೆ ಫೆಂಡರ್‌ಗೆ ಒದಗಿತು. ಲಯನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದಲ್ಲಿ ಮೊದಲು ರಾಯ್ ಜಾನ್ಸನ್, ಆಮೇಲೆ ಮಂಕ್ ಮಾಂಟ್‌ಗೊಮೆರಿ ಇದನ್ನು ಹಿಡಿದು ಊರೂರು ಸುತ್ತಿದರು. ಮುಂದೆ ಎಷ್ಟೋ ವರ್ಷ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ‘ಫೆಂಡರ್ ಬೇಸ್’ ಎಂದೇ ಅಚ್ಚಾಗುತ್ತಿತ್ತು.

ಎಲ್ಲರ ಕೈಗೂ ಅದು ಸುಲಭವಾಗಿ ಒಗ್ಗಲಿಲ್ಲ. ಎಲ್ವಿಸ್ ಪ್ರೀಸ್ಲಿಯ ಬೇಸ್ ವಾದಕ ಬಿಲ್ ಬ್ಲ್ಯಾಕ್ 1957ರಲ್ಲಿ ಡಬಲ್ ಬೇಸ್ ಬಿಟ್ಟು ಪ್ರಿಸಿಷನ್ ಹಿಡಿದಾಗ ಒಂದು ಹಾಡಿನ ಆರಂಭದ ಸ್ವರಗುಚ್ಛ ಎಷ್ಟು ಬಾರಿ ನುಡಿಸಿದರೂ ಸರಿಹೋಗದೆ, ಸಿಟ್ಟಿನಲ್ಲಿ ವಾದ್ಯವನ್ನು ನೆಲಕ್ಕೆ ಎಸೆದು ಹೊರಟುಹೋದ ಕಥೆ ಪ್ರಸಿದ್ಧ. ಆ ಹಾಡಿನ ಬೇಸ್ ನುಡಿಸಿದ್ದು ಎಲ್ವಿಸ್‌ನೇ.

ಎರಡು ತುಂಡಾದ ಪಿಕಪ್

1951ರ ಪಿಕಪ್ ತೀರಾ ಸರಳ. ಪ್ರತಿ ತಂತಿಯ ನೇರ ಕೆಳಗೆ ಒಂದೊಂದರಂತೆ ನಾಲ್ಕು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದರ ಸದ್ದು ತೆರೆದ ಗಂಟಲಿನದು. ಮೀಟಿದ ತಕ್ಷಣ ಚುರುಕಾಗಿ ಎದ್ದು ಬರುತ್ತದೆ. ‘ದಿ ಪೊಲೀಸ್’ ಎಂಬ ರಾಕ್ ತಂಡದಿಂದ ಹೆಸರಾದ ಸ್ಟಿಂಗ್ ದಶಕಗಳಿಂದ ನುಡಿಸುತ್ತಿರುವುದು ಬಣ್ಣ ಕಿತ್ತುಬಂದ, ಈ ಒಂಟಿ ಸುರುಳಿಯ ಪಿಕಪ್ ಇರುವ 1950ರ ದಶಕದ ಪ್ರಿಸಿಷನ್. ಆತನ ದನಿಯ ಕೆಳಗೆ ಆ ಬೇಸ್ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಗಮನಿಸಿದರೆ ಇದರ ಗುಣ ಗೊತ್ತಾಗುತ್ತದೆ.

ಆದರೆ ಎರಡು ತೊಂದರೆಗಳಿದ್ದವು. ಮೊದಲನೆಯದು ಗುಂಯ್‌ಗುಡುವಿಕೆ. ಒಂಟಿ ಸುರುಳಿ ಆಂಟೆನಾದಂತೆ ವರ್ತಿಸಿ ಗೋಡೆಯ ವೈರಿಂಗ್‌ನಿಂದ, ದೀಪಗಳಿಂದ, ಟ್ರಾನ್ಸ್‌ಫಾರ್ಮರ್‌ಗಳಿಂದ ಸದ್ದು ಹೀರುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಬೇಸ್‌ನ ಸ್ವರಗಳೇ ಆ ಆಸುಪಾಸಿನಲ್ಲಿ ಇರುವುದರಿಂದ ಸೋಸಿ ತೆಗೆಯುವುದೂ ಕಷ್ಟ. ಎರಡನೆಯದು ಆಘಾತ. ತಂತಿ ಕಡ್ಡಿಯ ನೆತ್ತಿಯ ಮೇಲೇ ಆಡುವುದರಿಂದ ಜೋರಾಗಿ ಮೀಟಿದ ಕ್ಷಣದಲ್ಲಿ ಸಂಕೇತ ಒಮ್ಮೆಲೇ ಚಿಮ್ಮುತ್ತದೆ. ಅಂದಿನ ಕಾಗದದ ಸ್ಪೀಕರ್‌ಗಳು ಅದನ್ನು ತಾಳಲಾರದೆ ಹರಿಯುತ್ತಿದ್ದವು.

1957ರಲ್ಲಿ ಫೆಂಡರ್ ಎರಡಕ್ಕೂ ಒಂದೇ ಏಟಿನಲ್ಲಿ ಪರಿಹಾರ ಕೊಟ್ಟ. ಪಿಕಪ್ಪನ್ನು ಎರಡು ತುಂಡು ಮಾಡಿದ: ದಪ್ಪ ತಂತಿಗಳೆರಡಕ್ಕೆ ಒಂದು, ತೆಳು ತಂತಿಗಳೆರಡಕ್ಕೆ ಇನ್ನೊಂದು. ಎರಡರ ಸುರುಳಿಗಳೂ ಕಾಂತಧ್ರುವಗಳೂ ಪರಸ್ಪರ ವಿರುದ್ಧ. ಹೊರಗಿನಿಂದ ಬರುವ ಗುಂಯ್‌ಗುಡುವಿಕೆ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಅಳಿದುಹೋಗುತ್ತದೆ, ತಂತಿಯ ಸಂಕೇತ ಉಳಿಯುತ್ತದೆ. ಕಡ್ಡಿಗಳು ತಂತಿಗೊಂದರ ಬದಲು ಎರಡಾದವು. ತಂತಿ ಅವೆರಡರ ನಡುವೆ ಹಾಯುತ್ತದೆ. ಮೀಟಿದಾಗ ಅದು ಒಂದರಿಂದ ದೂರ ಸರಿದರೆ ಇನ್ನೊಂದಕ್ಕೆ ಹತ್ತಿರವಾಗುವುದರಿಂದ ಮೊದಲ ಚಿಮ್ಮು ಮೆತ್ತಗಾಗಿ, ಸ್ವರ ದುಂಡಾಗಿ ಏಳುತ್ತದೆ. ಎರಡು ತುಂಡುಗಳು ಒಂದೇ ಸಾಲಿನಲ್ಲಿಲ್ಲ: ದಪ್ಪ ತಂತಿಗಳದ್ದು ದಂಡಿಯ ಕಡೆಗೆ, ತೆಳು ತಂತಿಗಳದ್ದು ಕುದುರೆಯ ಕಡೆಗೆ ಸರಿದಿದೆ. ದಪ್ಪ ತಂತಿಗಳಿಗೇ ಹೊಳಪು ಬೇಕಾಗಿರುವುದು ಎಂದು ವಾದಿಸಿ ಈ ಕ್ರಮವನ್ನು ತಿರುಗಿಸಿ ಕೂರಿಸಿದ ತಯಾರಕರೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ, ಆದರೆ ಜನರ ಕಿವಿ ಅಷ್ಟರಲ್ಲಾಗಲೇ ಫೆಂಡರ್ ಕ್ರಮಕ್ಕೆ ಪಳಗಿಬಿಟ್ಟಿತ್ತು.

ತುಂಡು ಎರಡಾದರೂ ಇದನ್ನು ಒಂದೇ ಪಿಕಪ್ ಎಂದು ಎಣಿಸುವುದು ವಾಡಿಕೆ, ಅದು ಸರಿಯೂ ಹೌದು. ಪ್ರತಿ ತಂತಿಯ ಮಾತನ್ನು ಕೇಳುವುದು ಒಂದೇ ಜಾಗದಿಂದ.

ಜಾಗದ ಲೆಕ್ಕ

ಈ ವಾದ್ಯಗಳ ಗುಟ್ಟಿರುವುದು ಆ ಜಾಗದಲ್ಲಿ. ಮೀಟಿದ ತಂತಿ ಇಡಿಯಾಗಿ ಆಡುವುದರ ಜೊತೆಗೆ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಭಾಗಗಳಾಗಿಯೂ ಏಕಕಾಲದಲ್ಲಿ ಆಡುತ್ತದೆ. ಇಡೀ ತಂತಿಯದು ಮೂಲಸ್ವರ, ಭಾಗಗಳದು ಉಪಸ್ವರಗಳು. ತಂಬೂರಿಯ ಮಗ್ಗುಲಲ್ಲಿ ಕೂತು ಹಾಡಿದವರಿಗೆ ಸ್ವಯಂಭೂ ಗಾಂಧಾರದ ಪರಿಚಯ ಇದ್ದೇ ಇರುತ್ತದೆ. ಅದು ಇಂಥದೇ ಉಪಸ್ವರ. ಕುದುರೆಯ ಹತ್ತಿರ ಎಲ್ಲ ಅಲೆಗಳ ಅಲುಗಾಟವೂ ಕಿರಿದು. ಆದರೆ ಅಲ್ಲಿ ಮೂಲಸ್ವರ ಉಪಸ್ವರಗಳಿಗಿಂತ ಹೆಚ್ಚು ಸೊರಗುವುದರಿಂದ ಅಲ್ಲಿಟ್ಟ ಪಿಕಪ್ ತೆಳ್ಳಗೆ, ಚೂಪಾಗಿ ನುಡಿಯುತ್ತದೆ. ದಂಡಿಯ ಕಡೆ ಸರಿಸಿದಂತೆ ಮೂಲಸ್ವರ ಹಿಗ್ಗುತ್ತದೆ. ಯಾವ ಉಪಸ್ವರದ ನಿಶ್ಚಲ ಬಿಂದು ಸರಿಯಾಗಿ ಪಿಕಪ್‌ನ ಮೇಲೆ ಬೀಳುತ್ತದೋ ಆ ಉಪಸ್ವರ ಸದ್ದಿನಿಂದಲೇ ಮಾಯವಾಗುತ್ತದೆ.

ಪ್ರಿಸಿಷನ್‌ನ ಪಿಕಪ್ ಕುದುರೆಯಿಂದ ತಂತಿಯ ಉದ್ದದ ಸುಮಾರು ಆರರಲ್ಲೊಂದು ಪಾಲಿನಷ್ಟು ದೂರದಲ್ಲಿದೆ. ಮೂಲಸ್ವರ ಸಾಕಷ್ಟು ದಪ್ಪವಾಗಿ ಸಿಗುತ್ತದೆ, ಮೊದಲ ನಾಲ್ಕೈದು ಉಪಸ್ವರಗಳೂ ಗಟ್ಟಿಯಾಗಿ ಉಳಿಯುತ್ತವೆ. ಈ ಉಪಸ್ವರಗಳ ಮಹತ್ವ ಗೊತ್ತಾಗುವುದು ಸಣ್ಣ ಸ್ಪೀಕರ್‌ನಲ್ಲಿ. ಟ್ರಾನ್ಸಿಸ್ಟರ್ ರೇಡಿಯೊ ಅಥವಾ ಮೊಬೈಲ್ ಫೋನ್ 41 ಹರ್ಟ್ಸ್‌ನ ಸ್ವರವನ್ನು ಹೊರಡಿಸಲಾರದು. ಆದರೆ 82, 123, 164 ಹರ್ಟ್ಸ್‌ನ ಉಪಸ್ವರಗಳು ಕಿವಿಗೆ ಬಿದ್ದರೆ ಮಿದುಳು ಅವುಗಳ ಅಂತರದಿಂದ ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವರು ತಮ್ಮ ಹಾಡುಗಳನ್ನು ಕಾರ್ ರೇಡಿಯೊದ ಅಳತೆಯ ಸ್ಪೀಕರ್‌ನಲ್ಲಿ ಕೇಳಿಸಿ ನೋಡಿಯೇ ಬಿಡುಗಡೆ ಮಾಡುತ್ತಿದ್ದರು. ಆ ಪರೀಕ್ಷೆಯಲ್ಲಿ ಪ್ರಿಸಿಷನ್ ಸುಲಭವಾಗಿ ಪಾಸಾಯಿತು.

ಎರಡು ಪಿಕಪ್‌ಗಳಿದ್ದರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. 1960ರಲ್ಲಿ ಫೆಂಡರ್‌ನೇ ಜಾಝ್ ಬೇಸ್ ಎಂಬ ಎರಡು ಪಿಕಪ್‌ನ ವಾದ್ಯವನ್ನು ತಂದ. ಅದೂ ಅಷ್ಟೇ ಯಶಸ್ವಿ. ಆದರೆ ಎರಡನ್ನೂ ಪೂರ್ತಿ ತೆರೆದಾಗ ಒಂದೇ ತಂತಿಯನ್ನು ಎರಡು ಜಾಗಗಳಿಂದ ಕೇಳಿದಂತಾಗಿ, ಕೆಲವು ನಡುವಣ ಆವರ್ತನಗಳು ಒಂದನ್ನೊಂದು ಕಡಿದುಹಾಕುತ್ತವೆ. ಸದ್ದು ಮೇಲೆ ಕೆಳಗೆ ಚೆನ್ನಾಗಿದ್ದು ನಡುವಿನಲ್ಲಿ ತುಸು ಟೊಳ್ಳಾಗುತ್ತದೆ. ಒಂಟಿಯಾಗಿ ಕೇಳಿದರೆ ಅದೇ ಸುಂದರ. ಗಿಟಾರ್, ಆರ್ಗನ್, ಹಾಡುವವರ ದನಿ ಎಲ್ಲ ಸೇರಿದಾಗ ಮಾತ್ರ ಬೇಸ್‌ನ ಗುರುತು ಸಿಗುವುದು ಆ ನಡುವಣ ಭಾಗದಿಂದಲೇ. ಧ್ವನಿಮುದ್ರಣದ ಎಂಜಿನಿಯರ್‌ಗಳು ಪ್ರಿಸಿಷನ್ ಬೇಸ್ ‘ಮಿಕ್ಸ್‌ನಲ್ಲಿ ತಾನಾಗಿ ಕೂರುತ್ತದೆ’ ಎನ್ನುವುದರ ಹಿಂದೆ ಇರುವ ಭೌತಶಾಸ್ತ್ರ ಇಷ್ಟು.

ವಾದ್ಯದೊಳಗಿನ ಸರ್ಕಿಟ್ ಹೈಸ್ಕೂಲು ಹುಡುಗರಿಗೂ ಅರ್ಥವಾಗುವಂಥದು. 250 ಕಿಲೊಓಮ್‌ನ ಎರಡು ಪೊಟೆನ್ಶಿಯೊಮೀಟರ್, ಒಂದು ಕೆಪಾಸಿಟರ್, ಒಂದು ಜ್ಯಾಕ್. ಟೋನ್ ನಾಬ್ ತಿರುಗಿಸಿದರೆ ಕೆಪಾಸಿಟರ್ ಮೇಲಿನ ಆವರ್ತನಗಳನ್ನು ನೆಲಕ್ಕೆ ಹರಿಸಿಬಿಡುತ್ತದೆ, ಅಷ್ಟೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಹಾಗಾಗಿ ಸದ್ದು ಬದಲಿಸಬೇಕೆಂದರೆ ನುಡಿಸುವ ಕೈಯನ್ನೇ ಸರಿಸಬೇಕು. ಕುದುರೆಯ ಹತ್ತಿರ ಮೀಟಿದರೆ ಬಿಗಿ, ದಂಡಿಯ ಹತ್ತಿರ ಮೀಟಿದರೆ ಸಡಿಲ; ಬೆರಳಿನ ತಿರುಳಿಗೂ ಉಗುರಿಗೂ ಪ್ಲಾಸ್ಟಿಕ್ ಪಿಕ್‌ಗೂ ಬೇರೆ ಬೇರೆ ಸದ್ದು. ಈ ವಾದ್ಯದ ಮೇಲೆ ಕಲಿತವರ ಕೈ ಬೇಗ ಪಕ್ವವಾಗುತ್ತದೆ ಎಂಬ ಶಿಕ್ಷಕರ ಮಾತಿಗೆ ಇದೇ ಆಧಾರ.

ಗಿಬ್ಸನ್ ಮತ್ತಿತರರು

ಮಿಶಿಗನ್‌ನ ಕಲಾಮಜೂದಲ್ಲಿದ್ದ ಗಿಬ್ಸನ್ ಕಂಪನಿ 1953ರಲ್ಲಿ ಪಿಟೀಲಿನ ಆಕಾರದ ಒಂದು ಎಲೆಕ್ಟ್ರಿಕ್ ಬೇಸ್ ತಂದಿತು. ಡಬಲ್ ಬೇಸ್ ವಾದಕರು ಹೆದರಬಾರದೆಂದು ಅದಕ್ಕೊಂದು ಉದ್ದನೆಯ ಕಾಲನ್ನೂ ಕೊಟ್ಟು, ಬೇಕಾದರೆ ನೆಲಕ್ಕೂರಿ ನಿಲ್ಲಿಸಿ ನುಡಿಸುವ ಏರ್ಪಾಡು ಮಾಡಿದ್ದರು. ತಂತಿಯ ಉದ್ದ 30.5 ಅಂಗುಲ ಮಾತ್ರ. ಮುಂದೆ ಇದಕ್ಕೆ ಇಬಿ-1 ಎಂದು ಹೆಸರಾಯಿತು. 1958ರಲ್ಲಿ ಒಳಗೆ ಅರೆಟೊಳ್ಳಾದ ಇಬಿ-2, 1959ರಲ್ಲಿ ಹಲಗೆಯ ಒಡಲಿನ ಇಬಿ-0 ಬಂದವು. ಎಲ್ಲಕ್ಕೂ ಪಿಕಪ್ ಒಂದೇ, ಅದೂ ದಂಡಿ ಮುಗಿಯುವಲ್ಲಿಗೇ ತಾಗಿಕೊಂಡು. ಅಂದರೆ ಕುದುರೆಯಿಂದ ತಂತಿಯ ಉದ್ದದ ಸುಮಾರು ಕಾಲುಭಾಗದಷ್ಟು ದೂರದಲ್ಲಿ.

ಪರಿಣಾಮ ಊಹಿಸಬಹುದು. ಮೂಲಸ್ವರ ಭರ್ಜರಿ, ಉಪಸ್ವರಗಳು ಕಡಿಮೆ, ಸ್ವರಗಳ ಅಂಚು ಮಸುಕು. ಎರಡು ಸುರುಳಿಗಳ ಆ ದೈತ್ಯ ಪಿಕಪ್ಪಿಗೆ ವಾದಕರು ‘ಮಡ್‌ಬಕರ್’ ಎಂದು ಅಡ್ಡಹೆಸರಿಟ್ಟರು. ಕೆಸರಿನಂಥ ಸದ್ದು ಎಂಬ ಆಕ್ಷೇಪ ಅದರಲ್ಲೇ ಇದೆ. 1960ರ ದಶಕದ ಬ್ರಿಟಿಷ್ ತಂಡಗಳಲ್ಲಿ ಇಬಿ-2 ಮತ್ತು ಅದರ ಸೋದರಿ ಎಪಿಫೋನ್ ರಿವೋಲಿ ಸಾಕಷ್ಟು ಕಂಡವು. ದಿ ಆ್ಯನಿಮಲ್ಸ್ ತಂಡದ ಚಾಸ್ ಚಾಂಡ್ಲರ್ ಕೈಯಲ್ಲಿದ್ದದ್ದು ಇದೇ ಕುಟುಂಬದ ವಾದ್ಯ. ಮೌಂಟನ್ ತಂಡದ ಫೀಲಿಕ್ಸ್ ಪಪ್ಪಲಾರ್ಡಿ ಇಬಿ-1ನ್ನು ಜೋರಾದ ಆಂಪ್ಲಿಫೈಯರ್‌ಗೆ ಹಾಯಿಸಿ ಒಡೆದ, ಉರಿಯುವ ಸದ್ದು ತೆಗೆದ. ಕೆಸರಿಗೂ ಒಂದು ಉಪಯೋಗವಿದೆ ಎಂದು ತೋರಿಸಿದವನು ಆತ. ಆದರೂ ಒಟ್ಟು ತೂಗಿ ನೋಡಿದರೆ ಇಬಿ-0 ಕೈಗೆ ಹಗುರ, ಕಣ್ಣಿಗೆ ಚೆಂದ, ಸದ್ದಿಗೆ ಸೀಮಿತ. ಒಂದೇ ಪಿಕಪ್ ಇದ್ದ ಮಾತ್ರಕ್ಕೆ ವಾದ್ಯ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ತಪ್ಪನ್ನು ಗಿಬ್ಸನ್ 1963ರಲ್ಲಿ ತಿದ್ದಿಕೊಂಡಿತು: ಕಾರುಗಳ ವಿನ್ಯಾಸಕಾರ ರೇ ಡೀಟ್ರಿಕ್ ರೂಪಿಸಿದ ಥಂಡರ್‌ಬರ್ಡ್ 2ಕ್ಕೆ 34 ಅಂಗುಲದ ತಂತಿ, ದಂಡಿಯಿಂದ ದೂರ ಸರಿದ ಒಂದು ಪಿಕಪ್.

ರಿಕನ್‌ಬ್ಯಾಕರ್ ಕಂಪನಿಯ 4000 ಮಾದರಿ 1957ರದು. ಇದರ ದಂಡಿ ಒಡಲಿನ ಕೊನೆಯವರೆಗೂ ಒಂದೇ ತುಂಡಾಗಿ ಹಾಯುತ್ತದೆ. ಪಿಕಪ್‌ನ ಅಯಸ್ಕಾಂತಗಳು ಲಾಳದ ಆಕಾರದಲ್ಲಿ ಬಾಗಿ ತಂತಿಗಳ ಮೇಲೂ ಹೊದ್ದುಕೊಂಡಿವೆ. ತಂತಿಗಳು ಆ ಸುರಂಗದೊಳಗೆ ಹಾಯುತ್ತವೆ. ನೋಡಲು ಅಂದವಾದ ಈ ಏರ್ಪಾಡು ಅಂಗೈ ಊರಿ ನುಡಿಸುವವರಿಗೆ ಕಿರಿಕಿರಿಯೇ ಸರಿ. ನ್ಯೂಜೆರ್ಸಿಯಲ್ಲಿ ನೇಥನ್ ಡೇನಿಯಲ್ ನಡೆಸುತ್ತಿದ್ದ ಡ್ಯಾನ್‌ಎಲೆಕ್ಟ್ರೊ ಇನ್ನೊಂದು ದಾರಿ ಹಿಡಿಯಿತು. ಮರದ ಚೌಕಟ್ಟಿಗೆ ಮೇಸೊನೈಟ್ ಹಲಗೆ ಹೊಡೆದು, ಅಂಚಿಗೆ ವಿನೈಲ್ ಪಟ್ಟಿ ಅಂಟಿಸಿ, ಲಿಪ್‌ಸ್ಟಿಕ್‌ನ ಲೋಹದ ಕೊಳವೆಯೊಳಗೆ ಸುರುಳಿ ತುರುಕಿ ಪಿಕಪ್ ಮಾಡಿದರು. ಸಿಯರ್ಸ್ ಅಂಗಡಿಗಳ ಮೂಲಕ ಸಿಲ್ವರ್‌ಟೋನ್ ಹೆಸರಿನಲ್ಲಿ ಹೋದ ಇಂಥ ವಾದ್ಯಗಳು ಬಡವರ ಮನೆಯ ಮಕ್ಕಳ ಮೊದಲ ಬೇಸ್ ಆದವು. ಅಗ್ಗದ ಸಾಮಾನು ನಿಜ, ಆದರೆ ಸದ್ದು ಅಗ್ಗವಲ್ಲ. ಟೊಳ್ಳು ಒಡಲಿನ ಗುಂಯ್‌ಕಾರ ಇನ್ನಾವ ವಾದ್ಯದಲ್ಲೂ ಸಿಗದು.

ಯಾರ ಕೈಯಲ್ಲಿ

ಜೇಮ್ಸ್ ಜೇಮರ್ಸನ್ ಇಲ್ಲದಿದ್ದರೆ ಈ ಲೇಖನಕ್ಕೆ ಅರ್ಧ ಅರ್ಥವಿಲ್ಲ. ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲವಾರ್ಡ್‌ನಲ್ಲಿದ್ದ ಮೋಟೌನ್ ಸ್ಟುಡಿಯೊದ ಫಂಕ್ ಬ್ರದರ್ಸ್ ತಂಡದಲ್ಲಿ ಈತ ಬೇಸ್ ವಾದಕ. ಕಲಿತದ್ದು ಡಬಲ್ ಬೇಸ್. ಪ್ರಿಸಿಷನ್ ಹಿಡಿದ ಮೇಲೂ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದ. ಸಹವಾದಕರು ಆ ಬೆರಳನ್ನು ‘ಕೊಕ್ಕೆ’ ಎಂದು ಕರೆಯುತ್ತಿದ್ದರು.

ಆತನ 1962ರ ಪ್ರಿಸಿಷನ್‌ನ ಹೆಸರು ‘ಫಂಕ್ ಮಶೀನ್’. ದಂಡಿಯ ಬುಡದಲ್ಲಿ ಆ ಮೊದಲ ಪದವನ್ನು ಆತನೇ ಬರೆದಿದ್ದ. ತಂತಿಗಳು ದಪ್ಪನೆಯ ಲಾ ಬೆಲ್ಲಾ ಕಂಪನಿಯವು, ಮೇಲ್ಮೈ ಚಪ್ಪಟೆಯಾಗಿ ಸುತ್ತಿದ ಬಗೆಯವು. ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಬೆವರು, ಎಣ್ಣೆ ಕುಡಿದ ಆ ತಂತಿಗಳಲ್ಲಿ ಹೊಳಪು ಎಂದೋ ಹೋಗಿತ್ತು. ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ಫೆಂಡರ್ ಕಾರ್ಖಾನೆಯವರೇ ಇಡುತ್ತಿದ್ದ ಸ್ಪಂಜು ಹಾಗೇ ಇತ್ತು. ಅದು ತಂತಿಯನ್ನು ಒತ್ತಿ ಸ್ವರದ ಬಾಲ ಕತ್ತರಿಸುತ್ತಿತ್ತು. ತಂತಿಗಳು ಫ್ರೆಟ್‌ನಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಬೇರೆಯವರಿಗೆ ಅದನ್ನು ನುಡಿಸುವುದೇ ದುಸ್ತರವಾಗಿತ್ತು. ಸ್ಟುಡಿಯೊದಲ್ಲಿ ಆಂಪ್ಲಿಫೈಯರ್ ಕೂಡ ಬಳಸದೆ ವಾದ್ಯದಿಂದ ನೇರವಾಗಿ ಧ್ವನಿಮುದ್ರಣದ ಕನ್ಸೋಲ್‌ಗೆ ತಂತಿ ಎಳೆಯುತ್ತಿದ್ದರು. ಆ ವಾದ್ಯದಿಂದ ಬಂದದ್ದು ಮಂದ್ರದ ಬರೀ ಕಾವಲು ಕೆಲಸವಲ್ಲ. ಹಾಡಿನ ಒಳಗೇ ಇನ್ನೊಂದು ಹಾಡು ಹೆಣೆದಂತೆ ಓಡುವ, ತಾಳದ ಎಡೆಗಳಲ್ಲಿ ನುಸುಳುವ ಬೇಸ್ ಸಾಲುಗಳು ಅವು. ಮಾರ್ವಿನ್ ಗೇಯ 1971ರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿಗೆ ಆತ ಸ್ಟುಡಿಯೊದ ನೆಲದ ಮೇಲೆ ಮಲಗಿ ಬೇಸ್ ನುಡಿಸಿದನೆಂಬ ಮಾತು ಪ್ರಸಿದ್ಧ. ಹೊದಿಕೆಯ ಮೇಲೆ ವಾದಕರ ಹೆಸರು ಹಾಕುವ ಪದ್ಧತಿ ಮೋಟೌನ್‌ನಲ್ಲಿ ಅದುವರೆಗೆ ಇರಲಿಲ್ಲ. ಅದೇ ಹೆಸರಿನ ಆಲ್ಬಂನಲ್ಲಿ ಜೇಮರ್ಸನ್‌ನ ಹೆಸರು ಅಚ್ಚಾಯಿತು. 1983ರಲ್ಲಿ ಆತ ತೀರಿಕೊಳ್ಳುವ ಕೆಲವೇ ದಿನಗಳ ಮೊದಲು ಫಂಕ್ ಮಶೀನ್ ಕಳುವಾಯಿತು.

ಮೆಂಫಿಸ್‌ನಲ್ಲಿ ಹಳೆಯ ಸಿನೆಮಾ ಮಂದಿರವೊಂದರಲ್ಲಿ ನಡೆಯುತ್ತಿದ್ದ ಸ್ಟ್ಯಾಕ್ಸ್ ಸ್ಟುಡಿಯೊದ ಡೊನಾಲ್ಡ್ ‘ಡಕ್’ ಡನ್ ಕೈಯಲ್ಲಿ ಅದೇ ವಾದ್ಯ ಬೇರೆಯೇ ಮಾತಾಡಿತು. ಜೇಮರ್ಸನ್ ಹೆಣೆಯುತ್ತಿದ್ದರೆ ಡನ್ ನೆಡುತ್ತಿದ್ದ: ಕಡಿಮೆ ಸ್ವರ, ಸರಿಯಾದ ಜಾಗ. ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ವಾದಕಿಯಾಗಿದ್ದ ಕ್ಯಾರಲ್ ಕೇ, 1963ರಲ್ಲಿ ಬೇಸ್ ವಾದಕನೊಬ್ಬ ಧ್ವನಿಮುದ್ರಣಕ್ಕೆ ಬಾರದೆ ಹೋದದ್ದರಿಂದ ಪ್ರಿಸಿಷನ್ ಹಿಡಿದರು, ಮತ್ತೆ ಬಿಡಲಿಲ್ಲ. ಗಟ್ಟಿ ಪಿಕ್‌ನಿಂದ ಮೀಟಿ, ತಂತಿಗಳ ಮೇಲೆ ಬಟ್ಟೆಯ ತುಂಡು ಅಂಟಿಸಿ ಅವರು ತೆಗೆದ ಟಕ್‌ಟಕ್ ಎನ್ನುವ ಖಚಿತ ಸದ್ದು ಬೀಚ್ ಬಾಯ್ಸ್‌ನ 1966ರ ‘ಪೆಟ್ ಸೌಂಡ್ಸ್’ ಆಲ್ಬಂನಲ್ಲಿದೆ. ಆಮೇಲಿನ ತಲೆಮಾರಿನಲ್ಲಿ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್, ರಮೋನ್ಸ್‌ನ ಡೀಡೀ ರಮೋನ್, ಪಿಂಕ್ ಫ್ಲಾಯ್ಡ್‌ನ ರಾಜರ್ ವಾಟರ್ಸ್ ಎಲ್ಲರ ಕೈಯಲ್ಲೂ ಪ್ರಿಸಿಷನ್. ಹೆವಿ ಮೆಟಲ್, ಪಂಕ್, ಸೋಲ್ ಒಂದಕ್ಕೊಂದು ಸಂಬಂಧವಿಲ್ಲದ ಸಂಗೀತಗಳು. ಪಿಕಪ್ ಮತ್ತು ಅದರ ಜಾಗ ಮಾತ್ರ ಒಂದೇ.

ಗಿಡ್ಡ ತಂತಿಯ ತಮ್ಮಂದಿರು

1965ರ ಜನವರಿಯಲ್ಲಿ ಲಿಯೊ ಫೆಂಡರ್ ತನ್ನ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿದ. ಮರುವರ್ಷ ಬಂದ ಮಸ್ಟಾಂಗ್ ಬೇಸ್ 30 ಅಂಗುಲ ತಂತಿಯ ಗಿಡ್ಡ ವಾದ್ಯ. ಅದಕ್ಕೂ ಎರಡು ತುಂಡಿನ ಒಂದೇ ಪಿಕಪ್. ವಿದ್ಯಾರ್ಥಿಗಳಿಗೆಂದು ಮಾಡಿದ್ದನ್ನು ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್, ಟಾಕಿಂಗ್ ಹೆಡ್ಸ್‌ನ ಟೀನಾ ವೇಮತ್ ವೇದಿಕೆಗೆ ಏರಿಸಿದರು. 1970ರ ದಶಕದ ಆರಂಭದ ಮ್ಯೂಸಿಕ್‌ಮಾಸ್ಟರ್ ಬೇಸ್‌ನದು ಇನ್ನೂ ಮಜವಾದ ಕಥೆ. ಖರ್ಚು ಉಳಿಸಲು ಅದಕ್ಕೆ ಆರು ಕಡ್ಡಿಗಳಿರುವ ಸಾಧಾರಣ ಗಿಟಾರ್ ಪಿಕಪ್ಪನ್ನೇ ಹಾಕಿದರು. ನಾಲ್ಕು ತಂತಿಗಳಿಗೂ ಆರು ಕಡ್ಡಿಗಳಿಗೂ ಹೊಂದಾಣಿಕೆ ಇಲ್ಲದಿರುವುದು ಯಾರಿಗೂ ಕಾಣದಿರಲೆಂದು ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ನುಡಿಸಿದರೆ ಮಾತ್ರ ಆ ಬೇಸ್ ಮುದ್ದಾಗಿ, ಗುಂಡಗೆ ಕೇಳುತ್ತದೆ. ಈಗ ಅದಕ್ಕೂ ಹುಡುಕಾಟ.

1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯಿಂದ ಬಂದ ಸ್ಟಿಂಗ್‌ರೇ ಕೂಡ ಲಿಯೊ ಫೆಂಡರ್ ಕೈಚಳಕವೇ. ಎಂಟು ದಪ್ಪ ಕಡ್ಡಿಗಳ ಒಂದು ಪಿಕಪ್, ಜೊತೆಗೆ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್. ಶೀಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್, ಬ್ರದರ್ಸ್ ಜಾನ್ಸನ್‌ನ ಲೂಯಿಸ್ ಜಾನ್ಸನ್ ಇದರಿಂದ ಡಿಸ್ಕೊ ಮತ್ತು ಫಂಕ್‌ನ ಸದ್ದನ್ನೇ ಕಟ್ಟಿದರು. ಪಿಕಪ್‌ನ ಎಣಿಕೆಯಲ್ಲಿ ಇದು ಒಂಟಿ, ಸ್ವಭಾವದಲ್ಲಿ ಆಧುನಿಕ. ಬ್ಯಾಟರಿ ಸತ್ತರೆ ವಾದ್ಯವೂ ಸತ್ತಂತೆ. ಹಳೆಯ ಸರಳ ಬೇಸ್‌ಗಳ ಪಂಕ್ತಿಯಲ್ಲಿ ಇದನ್ನು ಕೂರಿಸಲು ಮನಸ್ಸೊಪ್ಪುವುದಿಲ್ಲ.

ಪೇಟೆ ಮತ್ತು ಪರೀಕ್ಷೆ

ಸಿಬಿಎಸ್ ಕೈಸೇರಿದ ಮೇಲೆ ಫೆಂಡರ್ ವಾದ್ಯಗಳ ಗುಣಮಟ್ಟ ಕುಸಿಯಿತೆಂಬ ನಂಬಿಕೆ ಹಳೆಯ ವಾದ್ಯಗಳ ಪೇಟೆಯನ್ನು ಹುಟ್ಟಿಹಾಕಿತು. ಬೇಡಿಕೆ ಕಂಡು 1982ರಲ್ಲಿ ಕಂಪನಿಯೇ 1957 ಮತ್ತು 1962ರ ಮಾದರಿಗಳನ್ನು ಮರುತಯಾರಿಸಿತು. ಮೂಲ ವಾದ್ಯದ ಬೆಲೆ ನಿಲ್ಲುವುದು ಅದರ ಭಾಗಗಳು ಎಷ್ಟು ಅಸಲಿ ಎಂಬುದರ ಮೇಲೆ. ಮತ್ತೆ ಬಣ್ಣ ಹೊಡೆಸಿದ ವಾದ್ಯದ ಬೆಲೆ ಪಾತಾಳಕ್ಕಿಳಿಯುತ್ತದೆ, ಸದ್ದು ಒಂದಿಷ್ಟೂ ಬದಲಾಗದಿದ್ದರೂ. ಪರೀಕ್ಷಿಸುವವರು ಮೊದಲು ದಂಡಿ ಬಿಚ್ಚಿ ಬುಡದಲ್ಲಿ ಬರೆದ ಅಥವಾ ಮುದ್ರೆಯೊತ್ತಿದ ತಾರೀಕು ನೋಡುತ್ತಾರೆ. ಆಮೇಲೆ ಪೊಟೆನ್ಶಿಯೊಮೀಟರ್‌ನ ಬೆನ್ನು: 304-6127 ಎಂದಿದ್ದರೆ 304 ಎಂಬುದು ಸ್ಟ್ಯಾಕ್‌ಪೋಲ್ ಕಂಪನಿಯ ಗುರುತು, 61 ಇಸವಿ, 27 ಆ ವರ್ಷದ ವಾರ. ಬೆಸುಗೆಯ ಗಂಟುಗಳು ಮುಟ್ಟದ ಹಾಗೆ ಇವೆಯೇ ಎಂಬುದು ಮೂರನೆಯ ಪರೀಕ್ಷೆ.

ಮರದ ವಿಷಯದಲ್ಲಿ ಕಾನೂನೂ ಅಡ್ಡ ಬರುತ್ತದೆ. 1959ರಿಂದ ಪ್ರಿಸಿಷನ್‌ನ ದಂಡಿಯ ಮೇಲೆ ಬ್ರೆಜಿಲ್‌ನ ರೋಸ್‌ವುಡ್ ಪಟ್ಟಿ ಬಂತು. ಆ ಮರ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಸೈಟಿಸ್ ಪಟ್ಟಿಯಲ್ಲಿದೆ. 1962ರ ಬೇಸ್ ಒಂದನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಿದರೆ ಜಪ್ತಿಯಾಗಬಹುದು. ಬ್ರೆಜಿಲ್‌ನ ಮರ ದುರ್ಲಭವಾದಂತೆ ಗಿಟಾರ್ ತಯಾರಕರು ಹೊರಳಿದ್ದು ಭಾರತದ ರೋಸ್‌ವುಡ್‌ನ ಕಡೆಗೆ. ಅದು ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲೂ ಬೆಳೆಯುವ ಬೀಟೆ ಮರವೇ.

ಸದ್ದಿಗಾಗಿ ಹಳೆಯದನ್ನೇ ಕೊಳ್ಳಬೇಕಾಗಿಲ್ಲ. ಎರಡು ತುಂಡಿನ ಪಿಕಪ್ ಸರಿಯಾದ ಜಾಗದಲ್ಲಿರುವ, ಫೆಂಡರ್‌ನದೇ ಅಗ್ಗದ ಶಾಖೆಯಾದ ಸ್ಕ್ವಾಯರ್‌ನ ಹೊಸ ಬೇಸ್‌ಗೆ ಚಪ್ಪಟೆ ಸುತ್ತಿನ ತಂತಿ ಕಟ್ಟಿ, ಕುದುರೆಯ ಬುಡಕ್ಕೆ ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಚೂರು ಸಿಕ್ಕಿಸಿದರೆ 1960ರ ದಶಕದ ಸದ್ದು ಬಹುಮಟ್ಟಿಗೆ ಸಿಗುತ್ತದೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಆಂಪ್ಲಿಫೈಯರ್ ಕೊಳ್ಳಿ. ಹಳೆಯ ವಾದ್ಯವೇ ಬೇಕೆನ್ನುವವರು ಬಣ್ಣ ನೋಡುವ ಮೊದಲು ಪಿಕಪ್ ಅಸಲಿಯೇ, ದಂಡಿ ನೆಟ್ಟಗಿದೆಯೇ ಎಂಬುದನ್ನು ತಿಳಿದವರಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.